ನಡುವಿನ ಸೀಟು

ರಾಯ್ಸ್ ಹಾರ್ನ್ ಹೊಡೆದದ್ದನ್ನು ವರ್ಲಿನ್ ಇವತ್ತಿಗೂ ಕ್ಷಮಿಸಿಲ್ಲ. ಹೆಂಡತಿಯ ತಮ್ಮನೆಂಬ ರಿಯಾಯಿತಿಯೂ ಇಲ್ಲ. ಮೊಂಟಾನಾದ ಆ ಘಟ್ಟದ ದಾರಿಯಲ್ಲಿ ಅಪ್ಪನ ಕಾಲದ ಪಿಕಪ್ ಟ್ರಕ್ಕು ಏದುಸಿರು ಬಿಡುತ್ತಾ ತೆವಳುತ್ತಿದ್ದಾಗ, ಚರ್ಚಿನ ಅಜ್ಜಿಯರನ್ನು ಪಿಕ್ನಿಕ್ಕಿಗೆ ಹೊತ್ತು ಬಂದ ರಾಯ್ಸನ ಬಸ್ಸು ಪೋಂ ಎಂದು ಮುಂದೆ ಹೋಯಿತು. ಅಜ್ಜಿಯರು ಸಾಲಾಗಿ ಕೈಬೀಸಿದರು. (ಒಬ್ಬಾಕೆ ಶಿಲುಬೆಯ ಗುರುತನ್ನೂ ಮಾಡಿದಳು, ಹೆಣ ಕಂಡವರ ಹಾಗೆ.) ಸ್ವಲ್ಪ ಹೊತ್ತಿಗೇ ರೇಡಿಯೇಟರ್ ಕುದಿದು, ಗಂಡ-ಹೆಂಡತಿಯ ಸವಾರಿ ಅರ್ಧ ದಾರಿಯಿಂದ ಮನೆಗೆ ಮರಳಿತು.

ಘಟ್ಟದ ತುದಿಯಲ್ಲೊಂದು ಕೆರೆ. ಮದುವೆಗೆ ಮುಂಚೆ ವರ್ಲಿನ್ ಹೆಂಡತಿ ಆರ್ಡಿತ್‌ಳನ್ನು ಇದೇ ಟ್ರಕ್ಕಿನಲ್ಲಿ ಅಲ್ಲಿಗೆ ಕರೆದೊಯ್ಯುತ್ತಿದ್ದ. ಉದ್ದನೆಯ ಒಂದೇ ಸೀಟು. ಕಿಟಕಿಯ ಕಡೆ ಎಷ್ಟೇ ಜಾಗವಿದ್ದರೂ ಅವಳು ಡ್ರೈವರ್ ಬಾಗಿಲಿನಿಂದಲೇ ಹತ್ತಿ ನಟ್ಟನಡುವೆ ಜಾರಿ, ಅವನ ಭುಜಕ್ಕೆ ತಲೆಯಾನಿಸಿ ಕೂರುವಳು. ಹಿಂದಿನಿಂದ ನೋಡಿದವರಿಗೆ ಎರಡು ತಲೆಯ ಡ್ರೈವರ್! ಮಕ್ಕಳಾದ ಮೇಲೆ ಕಿಟಕಿಗೆ ಸರಿದಳು. ಮಕ್ಕಳು ದೊಡ್ಡವರಾದರೂ ವಾಪಸು ಸರಿಯಲಿಲ್ಲ. ಬಾ ಎಂದು ಕರೆಯಲು ವರ್ಲಿನ್‌ಗೆ ನಾಚಿಕೆ. ಅವನಿಗೆ ಚೆನ್ನಾಗಿ ಬರುತ್ತಿದ್ದುದು ಸಿಟ್ಟು ಒಂದೇ. ಕೆರೆ ಕಂಡರೆ ತಾನಾಗಿಯೇ ಸರಿದಾಳು ಅಂತ ಅವನ ಆಸೆ.

ಹಾಗಾಗಿ ಇಂಜಿನ್ ಬದಲಿಸುವ ಮಹಾಸಂಕಲ್ಪವಾಯಿತು. ಗುಜರಿಯಿಂದ ಎಂಟು ಸಿಲಿಂಡರಿನ ಹೊಸ ಕಾಲದ ಇಂಜಿನ್ನು ಗೇರ್‌ಬಾಕ್ಸ್ ಸಮೇತ ದಯಮಾಡಿಸಿತು. ಇಂಜಿನ್ ಎತ್ತುವ ಸರಪಳಿ ರಾಟೆ ಹೊತ್ತು ರಾಯ್ಸ್ ಕರೆಯದೆಯೇ ಬಂದ.

"ಭಾವ, ಈ ಗೇರ್‌ಬಾಕ್ಸು ಹಿಡಿಯಲ್ಲ. ಕೂರೋ ಕಡೆ ನೆಲ ಕೊಯ್ಬೇಕಾಗುತ್ತೆ. ಯೋಚ್ನೆ ಮಾಡು."

"ಯೋಚ್ನೆ ಮಾಡೋಕೆ ನಿನ್ನ ಕರೆದ್ನಾ? ಸರಪಳಿ ಎಳಿ!"

ಅಡಿಗೆಮನೆಯ ಕಿಟಕಿಯಿಂದ ಆರ್ಡಿತ್ ಕೂಗಿದಳು: "ಬೇಸಿಗೆ ಪೂರ್ತಿ ಅದರ ಕೆಳಗೇ ಮಲಗಿದೀಯ. ದಿಂಬು ಕಳಿಸ್ಲಾ?"

"ಎಲ್ಲಾ ನಿನಗೋಸ್ಕರಾನೇ ಮಾರಾಯ್ತಿ!"

"ನಾನು ಯಾವಾಗ ಇಂಜಿನ್ ಬೇಡಿದ್ದೆ?"

ಕೊನೆಗೆ ವಿಜಯಯಾತ್ರೆಯ ಭಾನುವಾರ ಬಂತು. ಆರ್ಡಿತ್ ತುಟಿಗೆ ಬಣ್ಣ ಹಚ್ಚಿ, ನೀಲಿ ಫ್ರಾಕ್ ತೊಟ್ಟು ಹೊರಗೆ ಬಂದವಳು ನೇರ ಡ್ರೈವರ್ ಬಾಗಿಲಿಗೇ ಬಂದಳು. ವರ್ಲಿನ್‌ನ ಎದೆ ಇಂಜಿನ್ನಿಗಿಂತ ಮೊದಲೇ ಸ್ಟಾರ್ಟ್ ಆಯಿತು. ಅವಳು ಸೀಟಿನ ಮೇಲೆ ಮೊಣಕಾಲೂರಿ ನಡುವಿಗೆ ಜಾರತೊಡಗಿ, ಗಕ್ಕನೆ ನಿಂತಳು. ಅಲ್ಲಿ ನೆಲದಿಂದ ಎದ್ದ ಕಬ್ಬಿಣದ ಕಡ್ಡಿಯೊಂದು, ಕರಿ ತಲೆಯೆತ್ತಿ, ನೆಟ್ಟಗೆ ನಿಂತಿತ್ತು.

"ಇದೇನು?"

"ಗೇರು."

"ಅದು ಸ್ಟೇರಿಂಗ್ ಪಕ್ಕ ಇತ್ತಲ್ಲ?"

"ಈ ಗೇರ್‌ಬಾಕ್ಸಿಗೆ ನೆಲದಿಂದ್ಲೇ ಬರೋದು."

"ಮತ್ತೆ ನಾನೆಲ್ಲಿ ಕೂರ್ಲಿ?"

ಅಷ್ಟು ಅಳತೆ ಹಿಡಿದ ವರ್ಲಿನ್ ಅದೊಂದನ್ನು ಅಳೆದಿರಲಿಲ್ಲ. ಅವಳು ಇಳಿದು, ಟ್ರಕ್ಕನ್ನು ಸುತ್ತಿಹೋಗಿ, ಕಿಟಕಿಯ ಪಕ್ಕ ಕೂತಳು. ಟ್ರಕ್ಕು ಹಾರಿತು. ಸಮಾಧಾನದ ಒಂದು ಮಾತು ಅವನಿಗೆ ಹೊಳೆಯುವಷ್ಟರಲ್ಲಿ ಘಟ್ಟವೇ ಮುಗಿದಿತ್ತು.

ಕೆರೆ ನೋಡುತ್ತಾ ಅವಳೆಂದಳು: "ನನ್ನ ಜಾಗ ಕೊಯ್ದುಹಾಕಿದೀಯ ವರ್ಲಿನ್. ಅದು ನನಗೆ ವಾಪಸ್ ಬೇಕು."

"ಕೊಡ್ತೀನಿ. ಈ ಚಳಿಗಾಲ ಒಂದು ಕಳೀಲಿ."

ಎಷ್ಟೋ ಚಳಿಗಾಲ ಕಳೆದವು. ಐದನೆಯ ಗೇರಿಗೆ ಹಾಕುವಾಗ ವರ್ಲಿನ್‌ನ ಕೈ ಬಲಗಡೆ ಕೂತ ಅವಳ ಕಡೆಗೆ ಬೇಕಾದ್ದಕ್ಕಿಂತ ತುಸು ಹೆಚ್ಚೇ ಚಾಚುತ್ತದೆ. ಆ ಸಾಲಕ್ಕೆ ಅವನು ಈವರೆಗೆ ಕಟ್ಟಿರುವ ಬಡ್ಡಿ ಅಷ್ಟೇ. ಅಸಲು ಹಾಗೇ ಇದೆ.