ಕಂಬದ ಮೇಲೆ ಮಾಸ್ತರರು, ಕೆಳಗೆ ಒಡಪು

ಹೆಂಡತಿ ಗಂಡನ ಹೆಸರು ಹೇಳಬಾರದು ಎಂಬ ನಿಯಮ ಮಾಡಿದವರು, ಗಂಡಂದಿರು ಯಾವಾಗಲೂ ನೆಲದ ಮೇಲೆಯೇ ಇರುತ್ತಾರೆ ಎಂದು ನಂಬಿದ್ದರೆಂದು ಕಾಣುತ್ತದೆ. ಗಂಡ ಪಡಸಾಲೆಯಲ್ಲಿ ಕೂತಿದ್ದರೆ, ಕಟ್ಟೆಯ ಮೇಲೆ ಹರಟೆ ಹೊಡೆಯುತ್ತಿದ್ದರೆ 'ಏನ್ರಿ' ಅಂದರೆ ಸಾಕು, ಕೆಲಸ ನಡೆಯುತ್ತದೆ. ಬಾಗಿಲ ಚಿಲಕ ಅಲ್ಲಾಡಿಸಿದರೂ ನಡೆಯುತ್ತದೆ. ಆದರೆ ನನ್ನ ಯಜಮಾನರು ನೆಲದ ಮೇಲೆ ಇರುವುದು ಊಟಕ್ಕೆ ಮತ್ತು ನಿದ್ದೆಗೆ ಮಾತ್ರ. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವ್ವ ನನಗೆ ಹೇಳಿಕೊಟ್ಟಿದ್ದಳು. ಹೇಳದಿದ್ದರೆ ಅವತ್ತೇ ಮುಗಿಯುವಂತಿದ್ದಾಗ ಏನು ಮಾಡಬೇಕೆಂದು ಮಾತ್ರ ಹೇಳಿಕೊಟ್ಟಿರಲಿಲ್ಲ.

ಯಜಮಾನರು ಶಲವಡಿಯ ಆಚೆಗಿನ ನಮ್ಮೂರ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ಮಾವನವರು ಹೆಸರುವಾಸಿ ಪೈಲವಾನರಾಗಿದ್ದರು. ಇವರು ಬೆಳೆದದ್ದು ಗರಡಿಯ ಕೆಂಪು ಮಣ್ಣಿನಲ್ಲಿ. ಡ್ರಿಲ್ ಮಾಸ್ತರರು ವರ್ಗವಾಗಿ ಹೋದ ಮೇಲೆ ಆಟದ ಪಿರಿಯಡ್ಡೂ ಇವರ ಪಾಲಿಗೆ ಬಂತು. ಮಣ್ಣೂ ವಿಜ್ಞಾನವೂ ಒಂದಾದದ್ದು ಆವಾಗ. "ಅಪ್ಪ ದಂಡ ಹೊಡದ್ರು, ಬೈಠಕ್ ಹೊಡದ್ರು. ಯಾವುದರಿಂದ ಯಾವ ಸ್ನಾಯು ಬೆಳೀತೈತಿ ಅಂತ ಒಮ್ಮೆರೆ ವಿಚಾರ ಮಾಡಿದ್ರೇನು?" ಎಂದು ಹೇಳಿ, ತಾವು ವಿಚಾರ ಮಾಡಲು ಶುರುಮಾಡಿದರು. ಮೊದಲ ವಿಚಾರ ಬಂದು ಮುಟ್ಟಿದ್ದು ನನ್ನ ಬೀಸುಕಲ್ಲಿಗೆ. ಒಂದು ಮುಂಜಾನೆ ಜೋಳ ಬೀಸಲು ಹೋದರೆ ಕಲ್ಲಿಲ್ಲ. ಹಿತ್ತಲಲ್ಲಿ ಒಂದು ಕಬ್ಬಿಣದ ಪೈಪು. ಅದರ ಆ ತುದಿಗೆ ಮೇಲಿನ ಕಲ್ಲು, ಈ ತುದಿಗೆ ಕೆಳಗಿನ ಕಲ್ಲು. ಕೆಳಗಿನ ಕಲ್ಲು ಹೆಚ್ಚು ಭಾರವೆಂದು ಮೇಲಿನದರ ಜೊತೆ ಒಂದು ಜೋಳದ ಗಂಟು. ನಡುವೆ ಯಜಮಾನರು, ಮುಖ ಮೆಣಸಿನಕಾಯಿ ಬಣ್ಣ. ಅವತ್ತು ನಾನು ಬಾಜೂ ಮನೆಯಲ್ಲಿ ಬೀಸಿಕೊಂಡು ಬಂದೆ. ಅಲ್ಲಿಯವರು "ನಿಮ್ಮ ಕಲ್ಲಿಗೆ ಏನಾತವಾ?" ಎಂದು ಕೇಳಿದಾಗ "ಸಾಲಿಗೆ ಹೋಗೇತಿ" ಎಂದೆ.

ಕಲ್ಲು ಎತ್ತಿ ಸಾಕಾದ ಮೇಲೆ ಕೈಯ ಮೇಲೆ ನಿಲ್ಲುವುದು ಬಂತು. ಸುಣ್ಣ ಹಚ್ಚಿದ ಗೋಡೆಯ ಮೇಲೆ, ಮಾವನವರ ಫೋಟೋದ ಎಡಬಲಕ್ಕೆ, ಇವರ ಎರಡು ಹೆಜ್ಜೆಗಳು ಮೂಡಿದವು. ಬಂದ ಬೀಗರು ಅದು ಯಾವ ದೇವರ ಪಾದ ಎಂದು ಕೇಳಿ ಕೈಮುಗಿದದ್ದೂ ಉಂಟು. ಆಮೇಲೆ ಹುಬ್ಬಳ್ಳಿಗೆ ಸರ್ಕಸ್ ಬಂತು. ನಾವೆಲ್ಲ ಹುಲಿ ನೋಡಿದರೆ ಇವರು ಜೋಕಾಲಿಯವರ ಮೊಣಕಾಲು ನೋಡಿದರು. ಊರಿಗೆ ಬಂದವರೇ ಬೇವಿನ ಗಿಡಕ್ಕೂ ಕೊಟ್ಟಿಗೆಗೂ ನಡುವೆ ಕಟ್ಟಿದ್ದ ಹಗ್ಗದಿಂದ ನನ್ನ ಒಣಗಿದ ಸೀರೆಗಳನ್ನು ತೆಗೆದು, ತಾವು ಹತ್ತಿದರು. ಹತ್ತಿದ್ದು ಕಾಲಿನಿಂದ, ಇಳಿದದ್ದು ಕುತ್ತಿಗೆಯಿಂದ.

ಗುಡಗೇರಿಯ ಕಡೆ ಎಲುಬು ಕೂಡಿಸುವ ಒಬ್ಬ ಅಜ್ಜನಿದ್ದ. ಬಂಡಿಯಲ್ಲಿ ಹುಲ್ಲು ಹಾಸಿ ಕರೆದೊಯ್ದೆವು. ಅಜ್ಜ ಕುತ್ತಿಗೆಯನ್ನು ಹಿಡಿದು, ಹೊರಳಿಸಿ, ಪಟ್ಟು ಕಟ್ಟಿ, ಎಲೆ-ಅಡಿಕೆ ಬಾಯಿಗೆ ಹಾಕಿಕೊಂಡು ಹೇಳಿದ: "ಮಾಸ್ತರ, ಈ ಸಲ ಕೂಡಿಸೇನಿ. ಇನ್ನೊಮ್ಮೆ ಕುತ್ತಿಗಿ ಮ್ಯಾಲ ಬಿದ್ರ ನನ್ನ ಕಡೆ ಬರಬ್ಯಾಡ್ರಿ. ನೆಟ್ಟಗ ಮಠಕ್ಕ ಹೇಳಿ ಕಳಸ್ರಿ, ಮಣ್ಣು ಮಾಡಾಕ." ಇವರು ನಕ್ಕರು. ನಾನು ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ಪಟ್ಟು ಬಿಚ್ಚಿದ ಮೇಲೆ ಇವರು ಹಿಡಿದದ್ದು ಮಲ್ಲಕಂಬ. ಶಾಲೆಯ ಬಯಲಿನಲ್ಲಿ ಸಾಗುವಾನಿಯ ಕಂಬ ನೆಟ್ಟು, ಸುತ್ತ ಮರಳು ಹಾಕಿಸಿ, ಮೊದಲು ತಾವು ಹತ್ತಿ ತೋರಿಸಿ ಆಮೇಲೆ ಹುಡುಗರನ್ನು ಹತ್ತಿಸುವರು. ಕಂಬಕ್ಕೆ ತೆಳ್ಳಗೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ತಿಕ್ಕಬೇಕಂತೆ. ಅದೇ ಯಾಕೆ ಎನ್ನುವುದನ್ನು ನಾನು ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಕೂತು ದಿನಾ ಹೇಳುತ್ತಿದ್ದರು. "ಔಡಲೆಣ್ಣಿ ದಪ್ಪ. ಮೈ ಹರದಾಡಾಕ ಬಿಡತೈತಿ, ಕೈ ಮಾತ್ರ ಬಿಡಂಗಿಲ್ಲ. ಬ್ಯಾರೆ ಎಣ್ಣಿ ಆದ್ರ ಮುಗೀತು, ಹಿಡಿತಾನ ಸಿಗೂದಿಲ್ಲ." ನಾನು ಹೂಂ ಅನ್ನುತ್ತಿದ್ದೆ. ರೊಟ್ಟಿ ಬಡಿಯುವವರಿಗೆ ಹೂಂ ಅನ್ನುವುದು ಕಷ್ಟವಲ್ಲ. ತಾಳ ತಪ್ಪದಿದ್ದರೆ ಸಾಕು.

ಅವತ್ತು ಸಾಲಿಯ ವಾರ್ಷಿಕ ಗ್ಯಾದರಿಂಗ್. ಊರಿಗೆ ಊರೇ ಬಯಲಲ್ಲಿ ಸೇರಿತ್ತು. ಗಂಡಸರು ಒಂದು ಕಡೆ, ಜಮಖಾನೆಯ ಮೇಲೆ ನಾವು ಹೆಂಗಸರು ಒಂದು ಕಡೆ, ನಡುವೆ ಕಂಬ. ಯಜಮಾನರು ಚಡ್ಡಿ ಕಟ್ಟಿ, ಕಂಬಕ್ಕೆ ನಮಸ್ಕಾರ ಮಾಡಿ, ಹತ್ತಲು ಶುರುಮಾಡಿದ್ದರು. ಕೊನೆಯಲ್ಲಿ ಕಂಬದ ತುದಿಯ ಗುಂಡಿನ ಮೇಲೆ ತಲೆಯೂರಿ, ಕಾಲು ಆಕಾಶಕ್ಕೆ ಮಾಡಿ, ಎರಡೂ ಕೈ ಬಿಡುವವರಿದ್ದರು. ನನ್ನ ಬಾಜೂ ಕೂತ ಅತ್ತೆ ನೆಮ್ಮದಿಯಿಂದ ಹೇಳಿದರು: "ಇವತ್ತ ನನ್ನ ಮಗಾ ಬೀಳಂಗಿಲ್ಲ ಬಿಡು. ಮಧ್ಯಾಹ್ನ ಬಂದು ಕಂಬಕ್ಕ ಪೂಜಿ ಮಾಡೇನಿ. ಎಣ್ಣಿನೂ ಹಚ್ಚೇನಿ."

"ಯಾವ ಎಣ್ಣಿರಿ ಅತ್ತಿ?"

"ಮನ್ಯಾಗಿನ ಸೇಂಗಾ ಎಣ್ಣಿ, ಮತ್ಯಾವುದು? ಔಡಲೆಣ್ಣಿ ಬಂಡಿ ಅಚ್ಚಿಗೆ ಹಾಕೂದು. ಅದನ್ನ ದೇವರಿಗೆ ಹಾಕ್ತಾರೇನು?"

"ಬುಡಕ್ಕಷ್ಟ ಹಚ್ಚೀರಿಲ್ಲ?"

"ದೇವರಿಗೆ ಎಣ್ಣಿ ತಲಿಗೆ ಹಾಕೂದವಾ. ಬಹುಮಾನದ ಟೇಬಲ್ ಹಾಕ್ಕೊಂಡು ಹತ್ತಿ, ತುದಿಗೆ ಹಚ್ಚೇನಿ. ಗಡಿಗಿ ಖಾಲಿ ಆತು."

ಅತ್ತೆಯ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ ಬೈಯಲು ಬಾಯಿ ಬರಲಿಲ್ಲ. ಪೈಲವಾನರ ಹೆಂಡತಿಯಾಗಿ ಜೀವಮಾನವಿಡೀ ಗರಡಿಗೆ ಹಾಲು, ಬಾದಾಮಿ ಕಳಿಸಿದವರು. ಹೆಂಗಸೆಂದು ಅದರ ಹೊಸ್ತಿಲು ತುಳಿಯಲು ಮಾತ್ರ ಅವರಿಗೆ ಸಿಕ್ಕಿರಲಿಲ್ಲ. ಬಯಲಿನ ಕಂಬಕ್ಕೆ ಹೊಸ್ತಿಲಿಲ್ಲ. ಗಾಣದ ಮುಂದೆ ಪಾಳಿ ನಿಂತು ತಂದ ಎಣ್ಣೆಯನ್ನೆಲ್ಲ, ಕೈಯಾರೆ, ಪ್ರೀತಿಯಿಂದ, ಮಗನ ತಲೆ ಊರುವ ಜಾಗಕ್ಕೇ ಹಚ್ಚಿಬಂದಿದ್ದರು.

ನಾನು ಮೇಲೆ ನೋಡಿದೆ. ಕಂಬದ ಬುಡದಲ್ಲಿ ಔಡಲೆಣ್ಣೆ ಇದ್ದದ್ದರಿಂದ ಇವರಿಗೆ ಏನೂ ತಿಳಿದಿರಲಿಲ್ಲ. ಈಗ ತುದಿಯ ಹತ್ತಿರ ಮುಟ್ಟಿ, ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. ಬೆವರೆಂದು ತಿಳಿದರಂತೆ. ಆಮೇಲೆ ಮೆಲ್ಲಗೆ ಗುಂಡಿನ ಮೇಲೆ ತಲೆಯೂರಿ ಕಾಲೆತ್ತಿದರು. ನನಗೆ ಎಲುಬಿನ ಅಜ್ಜ ಕಣ್ಣ ಮುಂದೆ ಬಂದ, ಎಲೆ-ಅಡಿಕೆ ಅಗಿಯುತ್ತ.

"ಅತ್ತಿ, ಕರೀರಿ ಅವರನ್ನ. ನೀವಾದ್ರ ಹೆಸರು ಹಿಡದು ಕರೀಬಹುದು."

"ಹತ್ತಿದವನ್ನ ನಡುವ ಕರದ್ರ ಅಪಶಕುನ. ಸುಮ್ನ ಕುಂದರು."

ನಾನು ಎದ್ದು ನಿಂತು, ಗಂಟಲು ಹರಿಯುವಂತೆ "ಏನ್ರಿ" ಎಂದೆ. ಗಂಡಸರ ಕಡೆ ಕೂತ ಮದುವೆಯಾದವರೆಲ್ಲ ಒಮ್ಮೆಲೇ ತಿರುಗಿ ನೋಡಿದರು. ಸಾಲಿ ಕಮಿಟಿಯ ಚೇರಮನ್ನರಂತೂ ಅರ್ಧ ಎದ್ದೇಬಿಟ್ಟರು. ತಿರುಗದೆ ಉಳಿದವರು ಒಬ್ಬರೇ. ಅವರ ಒಂದು ಕೈ ಆಗಲೇ ಕಂಬ ಬಿಟ್ಟಿತ್ತು.

ಇನ್ನು ಹೆಸರೊಂದೇ ದಾರಿ. ಆಯುಷ್ಯ ಎಷ್ಟಾದರೂ ಕಡಿಮೆಯಾಗಲಿ, ಇವತ್ತಿನದು ಉಳಿಯಲಿ ಎಂದು ಬಾಯಿ ತೆರೆದೆ. ಆದರೆ ನಮ್ಮ ಕಡೆಯ ಹೆಂಗಸರ ನಾಲಿಗೆಗೆ ಗಂಡನ ಹೆಸರು ಗೊತ್ತಿರುವುದು ಒಡಪಿನೊಳಗೆ ಮಾತ್ರ. ಮದುವೆ, ಸೀಮಂತ, ಆರತಿ, ಎಲ್ಲಿ ಒತ್ತಾಯ ಮಾಡಿದರೂ ಎರಡು ಸಾಲು ಪದ ಕಟ್ಟಿ, ಅದರ ಬೆನ್ನಿಗೆ ಹೆಸರು ಹೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡವರು ನಾವು. ನನ್ನ ನಾಲಿಗೆ ಹೆಸರಿಗೆಂದು ಹೊರಟದ್ದು, ರೂಢಿ ಬಿಡದೆ ಮೊದಲಿನಿಂದಲೇ ಶುರುಮಾಡಿತು:

"ಕುಸಬಿ ಹೊಲದಾಗ ಅರಳ್ಯಾವ ಹೂವಿನ ಸಾಲ..."

ಹೆಂಗಸರೆಲ್ಲ ನನ್ನ ಕಡೆ ಹೊರಳಿ ಕೂತರು. ಇವರ ಎರಡನೆಯ ಕೈಯ ಬೆರಳು ಸಡಿಲವಾಗುತ್ತಿದ್ದವು. ನಿಲ್ಲಿಸಲು ನನಗೆ ಬರಲಿಲ್ಲ.

"ಕುಳ್ಳಿನ ಒಲಿ ಮ್ಯಾಲ ಉಕ್ಕತಾವ ಹಸುವಿನ ಹಾಲ..."

ಆಮೇಲೆ ಬಂತು ಹೆಸರು. ಅದರ ಬೆನ್ನಿಗೆ, ಯಾವ ಒಡಪಿನಲ್ಲೂ ಇಲ್ಲದ ಮಾತು: "ಕೈ ಬಿಡಬ್ಯಾಡ್ರಿ, ತುದಿಗೆ ಸೇಂಗಾ ಎಣ್ಣಿ ಐತಿ."

ಕಾಲು ಕೆಳಗೆ ಬಂದವು, ಎರಡೂ ತೋಳು ಕಂಬವನ್ನು ತಬ್ಬಿದವು. ತುದಿಯಿಂದ ಬುಡದವರೆಗೆ ಇವರು ಕಾದ ಹೆಂಚಿನ ಮೇಲಿನ ಬೆಣ್ಣೆಯ ಹಾಗೆ ಜಾರಿಬಂದು ಮರಳಿನಲ್ಲಿ ಕೂತರು. ಕುತ್ತಿಗೆ ಮುಟ್ಟಿ ನೋಡಿಕೊಂಡರು. ಅಂಗೈ ಮೂಸಿದರು. ಮೂಸಿ, ತಮ್ಮ ಅವ್ವನ ಕಡೆ ನೋಡಿದರು. ಅತ್ತೆ ಆ ಕಡೆ ಮುಖ ತಿರುಗಿಸಿ ಆಕಾಶದಲ್ಲಿ ಏನನ್ನೋ ಹುಡುಕತೊಡಗಿದರು. ಜಮಖಾನೆಯ ಹಿಂದಿನ ಸಾಲಿನಿಂದ ಯಾರೋ ಹೇಳಿದರು: "ಭಾಳ ಚಂದ ಹೇಳಿದಿಯವಾ. ಇನ್ನೊಂದು ಹೇಳು."

ಮನೆಗೆ ಬಂದ ಮೇಲೆ ಯಜಮಾನರು ಬೈಯಲಿಲ್ಲ. ತಮ್ಮ ಅವ್ವನಿಗೆ ಒಂದು ಶೀಶೆ ಔಡಲೆಣ್ಣೆ ತಂದುಕೊಟ್ಟು, ಇನ್ನು ಮುಂದೆ ಕಂಬದ ಪೂಜೆ ನಿನ್ನದೇ ಎಂದರು. ಆಮೇಲೆ ಒಲೆಯ ಮುಂದೆ ಕೂತು, ವಿಚಾರ ಮಾಡಿ, ನನಗೆ ಹೇಳಿದರು: "ನಿನ್ನ ಕುಸಬಿ ಹೊಲ ಅರಳಿ, ಹಾಲು ಉಕ್ಕೂದ್ರಾಗ ಒಬ್ಬ ಮನಷ್ಯಾ ಕಂಬದಿಂದ ಬಿದ್ದು, ಎದ್ದು, ಮತ್ತ ಬೀಳಬಹುದು. ಹೆಸರು ಮೊದಲ ಬರೂ ಹಂಗ ಒಂದು ಒಡಪು ಕಟ್ಟು."

ಮಾತು ನ್ಯಾಯವಾದದ್ದೇ. ರೊಟ್ಟಿ ಬಡಿಯುತ್ತ ದಿನಾ ಕಟ್ಟುತ್ತಿದ್ದೇನೆ. ಎರಡನೆಯ ಸಾಲು ಕೂಡಿಬಂದಿದೆ, ಮೂರನೆಯದು ಕೂಡಿಬಂದಿದೆ. ಮೊದಲ ಸಾಲಿನ ಮೊದಲ ಮಾತಿಗೆ ಬಂದಾಗ ಮಾತ್ರ ಕೈಯೂ ನಿಲ್ಲುತ್ತದೆ, ಬಾಯಿಯೂ ನಿಲ್ಲುತ್ತದೆ, ರೊಟ್ಟಿ ಹೊತ್ತುತ್ತದೆ. ಇಷ್ಟುದ್ದ ಬರೆದರೂ ಆ ಹೆಸರನ್ನು ಇಲ್ಲಿ ಬರೆಯಲು ನನಗೆ ಧೈರ್ಯ ಬರಲಿಲ್ಲ, ನೀವೇ ನೋಡಿದಿರಿ. ಅಷ್ಟರಲ್ಲಿ ಮಾಳಿಗೆಯ ಮೇಲೆ ದಬದಬ ಸಪ್ಪಳ ಕೇಳಿಸುತ್ತಿದೆ. ನಿಂತಲ್ಲಿಂದ ಹಿಂದಕ್ಕೆ ಲಾಗ ಹೊಡೆಯುವುದರಲ್ಲಿ ಯಾವ ಶಾಸ್ತ್ರ ಅಡಗಿದೆ ಎಂದು ಇವರು ನೋಡುತ್ತಿದ್ದಾರೆ. ನಾನು ಅಂಗಳಕ್ಕೆ ಬಂದು, ಮುಖ ಮೇಲೆ ಮಾಡಿ, ಕುಸಬಿ ಹೊಲದಿಂದ ಶುರುಮಾಡುತ್ತಿದ್ದೇನೆ.