ನೆಲ ನಡುಗದಂತೆ ಮಾಡಿದ ಎಂಟು ಪಾದಗಳ ಕುರಿತು

ಸ್ಪೀಕರ್ ಪಾದಗಳ ತಯಾರಕರಾದ ಮಾನ್ಯರೇ,

ತಮ್ಮ ಪಾದಗಳಿಗೆ ನಮಸ್ಕಾರ. ಇದನ್ನು ಬರಿಯ ಉಪಚಾರಕ್ಕಾಗಿ ಬರೆಯುತ್ತಿಲ್ಲ. ತಮ್ಮ ಕಂಪನಿ ಕಳಿಸಿದ ಎಂಟು ಪಾದಗಳ ಮುಂದೆ ನಾನು ಎರಡು ದಿನ ಮೊಣಕಾಲೂರಿ, ಕೈಯಲ್ಲಿ ಟಾರ್ಚು ಹಿಡಿದು, ಹಣೆ ನೆಲಕ್ಕೆ ತಾಗುವಷ್ಟು ಬಾಗಿದ್ದೇನೆ. ಹೆತ್ತವರ ಮುಂದೆಯೂ ಅಷ್ಟು ಹೊತ್ತು ಬಾಗಿದ ನೆನಪಿಲ್ಲ.

ನನ್ನ ದೂರನ್ನು ಮೊದಲೇ ಹೇಳಿಬಿಡುವುದು ಮರ್ಯಾದೆ. ತಮ್ಮ ಪಾದಗಳು ತಾವು ಹೇಳಿದಂತೆಯೇ ಕೆಲಸ ಮಾಡುತ್ತವೆ. ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿ ನಿವೃತ್ತನಾದ ನನಗೆ, ಅಚ್ಚಾದದ್ದೆಲ್ಲ ನಿಜವಾಗಿರುವುದಿಲ್ಲ ಎಂಬ ಭರವಸೆಯೊಂದಿತ್ತು. ತಮ್ಮ ಕಿರುಹೊತ್ತಿಗೆ ಅದನ್ನು ಕಸಿದುಕೊಂಡಿದೆ.

ನಿವೃತ್ತಿಯ ದಿನ ಸಹೋದ್ಯೋಗಿಗಳು ನನಗೆ ಎದೆಯೆತ್ತರದ ಎರಡು ಸ್ಪೀಕರುಗಳನ್ನು ಕೊಟ್ಟರು. ಮೂವತ್ತೊಂದು ವರ್ಷ ಸದ್ದು ಮಾಡಬೇಡಿ ಎಂದು ಅವರನ್ನೆಲ್ಲ ಗದರಿಕೊಂಡು ಬಂದವನಿಗೆ ಇದು ಪ್ರೀತಿಯೋ ಸೇಡೋ ಎಂದು ನಾನು ವಿಚಾರಿಸಲಿಲ್ಲ. ನಾನೂ ನನ್ನ ಅಕ್ಕನೂ ಹಳೆಯ ಕಟ್ಟಡವೊಂದರ ನಡು ಅಂತಸ್ತಿನಲ್ಲಿ ಇದ್ದೇವೆ. ನಮ್ಮ ನೆಲ ಮರದ ಹಲಗೆಯದು. ನೇಯ್ಗೆ ಗಿರಣಿಯಲ್ಲಿ ಪ್ರಾಯವೆಲ್ಲ ಕಳೆದ ಅಕ್ಕನಿಗೆ ಮಗ್ಗಗಳ ಸದ್ದಿಗೆ ಎರಡೂ ಕಿವಿ ಹೋಗಿವೆ. ಎದುರು ಕೂತು ತುಟಿ ನೋಡಿ ಮಾತು ತಿಳಿಯುತ್ತಾಳೆ. ನಮ್ಮ ಕೆಳಗೆ ಗಡಿಯಾರ ರಿಪೇರಿಯವರ ಅಂಗಡಿ.

ಸ್ಪೀಕರುಗಳ ಜೊತೆಗೇ ಬಂದಿದ್ದ ಚೂಪು ಪಾದಗಳನ್ನು ನಾನೇ ಅವುಗಳ ಅಡಿಗೆ ತಿರುಗಿಸಿ ಕೂರಿಸಿದೆ. ಅವು ಹಲಗೆಗೆ ಎಂಟು ತೂತು ಕೊರೆದು, ಸ್ಪೀಕರಿನ ನಡುಕವನ್ನೆಲ್ಲ ಚಾಚೂ ತಪ್ಪದೆ ನೆಲಕ್ಕೆ ಒಪ್ಪಿಸಿದವು. ನಾನು ದಿನಾ ಸಂಜೆ ಸಂಗೀತ ಹಾಕಿಕೊಂಡು ಕೂರುತ್ತಿದ್ದೆ. ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬರಿಗಾಲಲ್ಲಿ ಕೂತು ಬಟಾಣಿ ಸುಲಿಯುತ್ತಲೋ ಗುಂಡಿ ಹೊಲಿಯುತ್ತಲೋ ಇರುತ್ತಿದ್ದಳು. ತಮ್ಮನಿಗೆ ಜೊತೆಯಾಗಲಿ ಎಂದು ಕೂರುತ್ತಾಳೆ ಎಂದುಕೊಂಡು ಒಳಗೊಳಗೇ ಕನಿಕರಪಟ್ಟಿದ್ದೆ.

ಎರಡನೆಯ ವಾರ ಗಡಿಯಾರ ರಿಪೇರಿಯವರು ಖಾಲಿ ತಟ್ಟೆಯೊಂದನ್ನು ಹಿಡಿದು ಮೇಲೆ ಬಂದರು. ಎಳ್ಳಿಗಿಂತ ಸಣ್ಣ ಸ್ಕ್ರೂಗಳು ನನ್ನ ಸಂಗೀತ ಶುರುವಾದೊಡನೆ ತಟ್ಟೆಯ ಅಂಚಿಗೆ ನಡೆದು ಹೋಗಿ ಒಂದೊಂದಾಗಿ ನೆಲಕ್ಕೆ ಹಾರುತ್ತಿವೆಯಂತೆ. ಒಂದನ್ನು ಹುಡುಕುವಷ್ಟರಲ್ಲಿ ಅವರ ಅರ್ಧ ದಿನ ಹೋಗುತ್ತಿದೆಯಂತೆ, ಕಣ್ಣೂ ಮೊದಲಿನಂತಿಲ್ಲವಂತೆ. ಅವರು ದನಿಯೆತ್ತಲಿಲ್ಲ. "ನೀವು ಕೇಳೋದನ್ನ ಬಿಡಿ ಅನ್ನೋಕೆ ಬಂದಿಲ್ಲ. ಬೇರೆ ಅಂಗಡಿ ಹುಡುಕ್ತಿದ್ದೀನಿ ಅಂತ ಹೇಳಿ ಹೋಗೋಣ ಅಂತ ಬಂದೆ," ಎಂದರು. ಇಪ್ಪತ್ತಾರು ವರ್ಷ ಅದೇ ಮೇಜಿನ ಮುಂದೆ ಕೂತವರು. ಬೈದಿದ್ದರೆ ನಾನು ಅಂದು ಊಟ ಮಾಡುತ್ತಿದ್ದೆ.

ಅಲ್ಲಿಂದ ನನ್ನ ಪಾದಾನ್ವೇಷಣೆ ಶುರುವಾಯಿತು. ಉಣ್ಣೆಯ ಬಿಲ್ಲೆ, ರಬ್ಬರಿನ ತುಂಡು, ಒಂದು ಕಲ್ಲುಚಪ್ಪಡಿ ಎಲ್ಲವನ್ನೂ ಇಟ್ಟು ನೋಡಿ, ಕೊನೆಗೆ ತಮಗೆ ಬರೆದೆ. ಸ್ಪೀಕರಿನ ತೂಕ ತಿಳಿಯದೆ ಪಾದ ಕೊಡುವುದಿಲ್ಲ ಎಂದು ತಮ್ಮ ಸಲಹೆಗಾರರು ಪಟ್ಟು ಹಿಡಿದದ್ದರಿಂದ, ನಾನು ಸ್ಪೀಕರನ್ನು ತಬ್ಬಿಕೊಂಡು ತೂಕದ ಯಂತ್ರ ಹತ್ತಿ, ನನ್ನ ತೂಕ ಕಳೆದು, ಉಳಿದದ್ದನ್ನು ತಿಳಿಸಿದೆ. ಅದಕ್ಕೆ ಸರಿಯಾಗಿ ತಾವು ಕಳಿಸಿದ್ದು, ಎರಡು ಉಕ್ಕಿನ ಬಿಲ್ಲೆಗಳ ನಡುವೆ ಮೆತ್ತನೆಯ ಪದರವಿರುವ ಪಾದಗಳು. ನಡುಕ ಆ ಪದರದಲ್ಲೇ ಇಂಗಿಹೋಗಿ ನೆಲ ಮುಟ್ಟುವುದಿಲ್ಲ ಎಂದಿದ್ದಿರಿ. ಮುಟ್ಟಲಿಲ್ಲ. ಕೆಳಗೆ ಒಂದು ಸ್ಕ್ರೂ ಕೂಡ ಕದಲಲಿಲ್ಲ. ಗಡಿಯಾರ ರಿಪೇರಿಯವರು ಅಂಗಡಿ ಹುಡುಕುವುದನ್ನು ನಿಲ್ಲಿಸಿದರು. ನನ್ನ ಕಿವಿಗೆ ಸಂಗೀತವೂ ಮೊದಲಿಗಿಂತ ತಿಳಿಯಾಗಿ ಕೇಳತೊಡಗಿತು. ಇಷ್ಟೆಲ್ಲ ಒಳ್ಳೆಯದು ಒಟ್ಟಿಗೆ ಆದಾಗಲೇ ನಾನು ಎಚ್ಚರವಾಗಬೇಕಿತ್ತು.

ಮರುದಿನದಿಂದ ಅಕ್ಕ ಕಿಟಕಿಯ ಬಳಿ ಹೆಚ್ಚು ಹೊತ್ತು ಕೂರಲಿಲ್ಲ. ಮೂರನೆಯ ಸಂಜೆ ಕುರ್ಚಿಯನ್ನೇ ಅಡುಗೆಮನೆಗೆ ಒಯ್ದಳು. ನಾನೇನಾದರೂ ಅಂದೆನೇ ಎಂದು ಯೋಚಿಸಿದೆ. ಅಂದದ್ದು ಬಹಳವಿದ್ದರೂ ಹೊಸದೇನೂ ಹೊಳೆಯಲಿಲ್ಲ. ನಾಲ್ಕನೆಯ ಸಂಜೆ ಸಂಗೀತ ಹಾಕಿಯೇ ಅಡುಗೆಮನೆಗೆ ಹೋಗಿ, ಅವಳ ಎದುರು ಕೂತು, ನನ್ನ ಮೇಲೆ ಬೇಜಾರೇ ಎಂದು ಕೇಳಿದೆ.

"ಬೇಜಾರೇನಿಲ್ಲ. ನೀನು ಹಾಡು ಹಾಕೋದು ಬಿಟ್ಟಿದ್ದೀಯಲ್ಲ, ಅಲ್ಲಿ ಕೂತು ಏನ್ ಮಾಡ್ಲಿ?" ಎಂದಳು.

ಈಗಲೂ ಹಾಡುತ್ತಿದೆ ಎಂದೆ. ಅವಳು ನಂಬದೆ ಎದ್ದು ಬಂದು, ಚಪ್ಪಲಿ ಬಿಟ್ಟು, ಕಿಟಕಿಯ ಬಳಿಯ ಹಲಗೆಯ ಮೇಲೆ ಎರಡೂ ಕಾಲೂರಿ, ಕಣ್ಣು ಮುಚ್ಚಿ ನಿಂತಳು. ಡೋಲಿನ ಭಾಗ ಬಂದು ಹೋಗುವವರೆಗೂ ನಿಂತಿದ್ದಳು. ಆಮೇಲೆ, "ಇಲ್ಲಪ್ಪ, ಇಲ್ಲೇನೂ ಇಲ್ಲ," ಎಂದು ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋದಳು.

ಮಾನ್ಯರೇ, ಗಿರಣಿಯಲ್ಲಿ ಮಗ್ಗ ಕೆಡುವುದು ಅಲ್ಲಿ ದುಡಿಯುವವರಿಗೆ ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತಿತ್ತೆಂದು ಅಕ್ಕ ಆಮೇಲೆ ಹೇಳಿದಳು. ಇದನ್ನು ಅವಳು ನನಗೆ ಅಲ್ಲಿಯವರೆಗೆ ಎಂದೂ ಹೇಳಿರಲಿಲ್ಲ, ನಾನೂ ಎಂದೂ ಕೇಳಿರಲಿಲ್ಲ. ಇಬ್ಬರೂ ಕೂಡಿ ಸಂಗೀತ ಕೇಳುತ್ತಿದ್ದ ಮನೆಯಲ್ಲಿ ನಾನೊಬ್ಬನೇ ಕೇಳುತ್ತಿದ್ದೇನೆ ಎಂದು ತಿಳಿದಿದ್ದೆ. ತಮ್ಮ ಸಹಾಯದಿಂದ ಅದನ್ನು ನಿಜ ಮಾಡಿದೆ. ಕಿರುಹೊತ್ತಿಗೆಯ ಹನ್ನೊಂದನೆಯ ಪುಟದಲ್ಲಿ ನೆಲದ ನಡುಕವನ್ನು ತಾವು 'ಬೇಡದ ಶಕ್ತಿ' ಎಂದು ಕರೆದಿದ್ದೀರಿ. ಯಾರಿಗೆ ಬೇಡದ್ದು ಎಂಬ ಪದ ಅಲ್ಲಿ ಬಿಟ್ಟುಹೋಗಿದೆ. ಕರಡಿನಲ್ಲಿ ತಿದ್ದಿಕೊಳ್ಳಬೇಕಾಗಿ ವಿನಂತಿ.

ಪಾದ ತೆಗೆದರೆ ಕೆಳಗಿನವರು ಹೋಗುತ್ತಾರೆ, ಬಿಟ್ಟರೆ ಅಕ್ಕ ಅಡುಗೆಮನೆಯಲ್ಲೇ ಉಳಿಯುತ್ತಾಳೆ. ದಾರಿ ಕಾಣದೆ ನಾನು ಕೆಳಗಿಳಿದು ಗಡಿಯಾರ ರಿಪೇರಿಯವರಿಗೆ ಇದ್ದದ್ದನ್ನೆಲ್ಲ ಹೇಳಿದೆ. ಅವರು ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಪೂರ್ತಿ ಕೇಳಿಸಿಕೊಂಡು, "ಆ ಪಾದ ಬಿಚ್ಚಿ ನನಗೆ ಕೊಡಿ," ಎಂದರು.

ಈಗ ತಮ್ಮ ಪಾದಗಳಲ್ಲಿ ನಾಲ್ಕು ಅವರ ಮೇಜಿನ ಕಾಲಿನಡಿ, ನಾಲ್ಕು ಅವರ ಸ್ಟೂಲಿನಡಿ ಇವೆ. ಅಂಗಡಿ ನಡುಗಿದರೂ ಅವರೂ ಅವರ ಸ್ಕ್ರೂಗಳೂ ನಡುಗುವುದಿಲ್ಲ. ಮೇಲೆ ಸ್ಪೀಕರುಗಳು ಹಳೆಯ ತೂತುಗಳಿಗೇ ಮರಳಿವೆ. ಅಕ್ಕ ಕುರ್ಚಿಯನ್ನು ತಾನೇ ಎತ್ತಿ ತಂದಳು. ಹೋದ ವಾರ, ಎಡಗಡೆಯದ್ದು ಸಡಿಲಾಗಿದೆ ನೋಡು ಎಂದಳು. ನೋಡಿದರೆ ಒಂದು ಚೂಪು ಪಾದ ಕಾಲು ಸುತ್ತು ಸಡಿಲಾಗಿತ್ತು. ನನ್ನ ಎರಡೂ ಕಿವಿಗಳಿಗೆ ಅದು ತಿಳಿದಿರಲಿಲ್ಲ.

ಆದ್ದರಿಂದ ತಾವು ಮುಂದಿನ ಮಾದರಿಯನ್ನು ತಯಾರಿಸುವಾಗ, ನಡುಕವನ್ನು ಕೆಳಗಿನ ಮನೆಗೆ ಬಿಡದೆ, ಕಿಟಕಿಯ ಪಕ್ಕದ ಮೂರು ಹಲಗೆಗಳಿಗೆ ಮಾತ್ರ ತಲುಪಿಸುವ, ಅಲ್ಲಿ ಯಾರೂ ಕೂತಿಲ್ಲದಿದ್ದರೆ ನನಗೆ ಕೂಡಲೇ ತಿಳಿಸುವ ಪಾದವೊಂದನ್ನು ರೂಪಿಸಬೇಕೆಂದು ಕೋರುತ್ತೇನೆ. ಪರೀಕ್ಷಿಸಲು ಅಕ್ಕ ಸಿದ್ಧಳಿದ್ದಾಳೆ. ಬೂಟು ಬಿಚ್ಚದ ಎಂಜಿನಿಯರುಗಳನ್ನು ಮಾತ್ರ ಒಳಗೆ ಬಿಡುವುದಿಲ್ಲವಂತೆ.

ನೆಲ ನಡುಗಿದರೂ ನಂಬಿಕೆ ನಡುಗದ,
ತಮ್ಮ ವಿಶ್ವಾಸಿ,
ನಡು ಅಂತಸ್ತಿನ ಗ್ರಾಹಕ

ಮರೆತ ಮಾತು: ಇನ್ನೂರು ಗಂಟೆ ಬಳಸಿದ ಮೇಲೆ ಪಾದಗಳು ಪಳಗಿ ದನಿಗೆ ಇನ್ನಷ್ಟು ಮಾಧುರ್ಯ ಕೊಡುತ್ತವೆ ಎಂದು ತಮ್ಮ ಖಾತರಿ ಚೀಟಿಯಲ್ಲಿದೆ. ಇನ್ನೂರು ಗಂಟೆ ಮೊನ್ನೆಗೆ ಮುಗಿಯಿತು. ಮೇಜು ಇನ್ನೂ ಹಾಡಲು ಶುರು ಮಾಡಿಲ್ಲ. ಸ್ಟೂಲಿನಿಂದ ಆಗಾಗ ಏನೋ ಕೇಳಿಬರುತ್ತದೆ, ಆದರೆ ಅದನ್ನು ಮಾಧುರ್ಯ ಎಂದು ಬರೆದುಕೊಡಲು ಗಡಿಯಾರ ರಿಪೇರಿಯವರು ಒಪ್ಪುತ್ತಿಲ್ಲ.