ಎಂಬತ್ತೊಂದನೇ ಪುಟ

ಬೆಟಗೇರಿಯ ಅಝೀಮ ಮಾಸ್ತರರಿಗೆ ಪುಸ್ತಕದ ತಪ್ಪುಗಳು ಕಾಣುತ್ತಿರಲಿಲ್ಲ ಎಂದಲ್ಲ. ಕಂಡ ತಪ್ಪಿನ ಮೇಲೂ ಅವರಿಗೆ ಪ್ರೀತಿ ಹುಟ್ಟಿಬಿಡುತ್ತಿತ್ತು, ಅದೇ ತೊಂದರೆ.

ಸುತ್ತಲಿನ ಊರುಗಳಲ್ಲಿ ಯಾರೇ ಕಾದಂಬರಿ ಬರೆದು ತಾವೇ ಅಚ್ಚು ಹಾಕಿಸಲಿ, ಸ್ಥಳೀಯ ಪತ್ರಿಕೆಯ ಭಾನುವಾರದ ಪುಟದಲ್ಲಿ ಮಾಸ್ತರರ ವಿಮರ್ಶೆ ಬರುತ್ತಿತ್ತು. ಶಿರಹಟ್ಟಿಯ ದರ್ಜಿ ಬರೆದ ದೆವ್ವದ ಕಾದಂಬರಿ ಓದಿ ಅವರು ಹಾಡಹಗಲೇ ಬಾಗಿಲಿಗೆ ಚಿಲಕ ಹಾಕಿಕೊಂಡಿದ್ದರು. ಮುಳಗುಂದದ ಲೈನ್‌ಮನ್ ಮಂಗಳಗ್ರಹಕ್ಕೆ ಕರೆಂಟು ಎಳೆದದ್ದನ್ನು ಓದಿ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ದಿನವಿಡೀ ದುಡಿದು, ಮನೆಯವರಿಂದ ಬೈಸಿಕೊಂಡು, ಯಾರೂ ಕೇಳದಿದ್ದರೂ ಇನ್ನೂರು ಪುಟ ಬರೆಯುವವರೆಂದರೆ ಅವರಿಗೆ ನಿಜವಾಗಿಯೂ ಗೌರವ. ಅವರದು ಒಂದೇ ನೇಮ: ಕೊನೆಯ ಪುಟ ಮುಟ್ಟದೆ ಒಂದಕ್ಷರವನ್ನೂ ಬರೆಯಬಾರದು.

ಈ ಭಾನುವಾರ ಬಂದದ್ದು ಮುಂಡರಗಿಯ ನಿವೃತ್ತ ನರ್ಸ್ ಸಾವಿತ್ರೆವ್ವನ ಪತ್ತೇದಾರಿ ಕಾದಂಬರಿ ‘ಹಮ್ಮಿಗಿ ದಂಡೆಯ ಹೆಣ’ದ ವಿಮರ್ಶೆ. ಎಂಬತ್ತನೇ ಪುಟದಲ್ಲಿ ಫೌಜದಾರ ಕೊಲೆಗಾರನ ಬಾಗಿಲು ಒದೆಯುತ್ತಾನೆ. ಎಂಬತ್ತೊಂದರಲ್ಲಿ, ಬಸ್ಸಿನ ಮೂರನೇ ಸೀಟಿನಲ್ಲಿ ಕೂತ ಹುಡುಗಿ ಗಿರಮಿಟ್ ತಿನ್ನುತ್ತ ನಗುತ್ತಾಳೆ. ಹದಿನಾರು ಪುಟ ಪ್ರೀತಿ ನಡೆದು, ತೊಂಬತ್ತೇಳರಲ್ಲಿ ಫೌಜದಾರ ಬೇಡಿ ಹಾಕುತ್ತಾನೆ. ಮಾಸ್ತರರು ಬೆರಗಾಗಿ ಬರೆದರು: ‘ಕೊಲೆಯ ಬಾಗಿಲು ತೆರೆದರೆ ಒಳಗೆ ಪ್ರೀತಿ! ಎಂಥ ಧೈರ್ಯ!’

ಬರೆದದ್ದನ್ನು ಕಳೆದ ಸೋಮವಾರವೇ ಪ್ರೆಸ್ಸಿಗೆ ಒಯ್ದು, ಪುಸ್ತಕ ಹೊಲಿಯುವ ಜನ್ನತಬಿಗೂ ಓದಿ ಹೇಳಿದ್ದರು. ಆಕೆ ಸೂಜಿ ನಿಲ್ಲಿಸಿ ಕೇಳಿ, ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಿದ್ದಳು. ಮಾಸ್ತರರ ಸ್ವಂತ ಕಾದಂಬರಿಯೂ ಅಲ್ಲೇ ಹೊಲಿಗೆಗೆ ಬಂದಿತ್ತು. ನಾಲ್ಕು ವರ್ಷ ಅತ್ತು ಬರೆದ ‘ರೋಶನಬಿಯ ಕಣ್ಣೀರು’. ಇಂದು ಸಂಜೆ ಐದಕ್ಕೆ ಅದರ ಬಿಡುಗಡೆ, ಅದೂ ಸಾವಿತ್ರೆವ್ವನ ಕೈಯಿಂದ.

ಆದರೆ ಸಾವಿತ್ರೆವ್ವ ಬೆಳಿಗ್ಗೆ ಹತ್ತಕ್ಕೇ ಪತ್ರಿಕೆ ಹಿಡಿದು ಅಂಗಳಕ್ಕೆ ಬಂದಳು.

“ಮಾಸ್ತರ್ರ, ನನ್ನ ಪುಸ್ತಕದಾಗ ಗಿರಮಿಟ್ ತಿನ್ನಾಕಿ ಯಾರ್ರೀ?”

“ಎಂಬತ್ತೊಂದನೇ ಪುಟದಾಗ ಅದಾಳಲ್ರೀ ಅಕ್ಕಾರ.”

“ಅಲ್ಲೆ ಎರಡನೇ ಹೆಣಾ ಐತ್ರಿ! ಮೂವತ್ತು ವರ್ಷ ದವಾಖಾನ್ಯಾಗ ನೋಡಿದ್ದೆಲ್ಲಾ ಆ ಹದಿನಾರು ಪುಟದಾಗ ಹಾಕೇನಿ. ನೀವು ಓದೇ ಇಲ್ಲ! ಇಂಥವರ ಪುಸ್ತಕಾ ನಾ ಬಿಡುಗಡಿ ಮಾಡಾಂಗಿಲ್ಲ.”

ಓದೇ ಇಲ್ಲ! ಮಾಸ್ತರರ ಒಂದೇ ನೇಮಕ್ಕೆ ಬಿದ್ದ ಪೆಟ್ಟು ಅದು. ಪಕ್ಕದ ಮನೆಯ ತಿರಕಪ್ಪ ಕಂಪೌಂಡಿನ ಮೇಲಿಂದ ನೆರವಿಗೆ ಬಂದ.

“ಹಂಗನಬ್ಯಾಡ್ರಿ ಬಾಯಾರ. ದಿನಾ ಕಿಡಕ್ಯಾಗ ನೋಡ್ತೇನಿ ನಾ. ಪುಸ್ತಕಾ ಎದಿಮ್ಯಾಲೆ ಇಟ್ಕೊಂಡು ಗೊರಕಿ ಹೊಡಿತಿರ್ತಾರ.”

ಅಷ್ಟರಲ್ಲಿ ಲಕ್ಷ್ಮೇಶ್ವರದ ಭೀಮೇಶ ಬೈಕಿನಿಂದ ಧುಮುಕಿದ. ಮಾಸ್ತರರು ಇನ್ನೂ ಓದಿರದ ‘ಮೂರನೇ ಸೀಟಿನ ಹುಡುಗಿ’ ಎಂಬ ಪ್ರೇಮ ಕಾದಂಬರಿಯ ಲೇಖಕ. ಅವನ ಕೈಯಲ್ಲೂ ಪತ್ರಿಕೆ.

“ಬಾಯಾರ, ನನ್ನ ಹುಡುಗಿನ್ನ ಕದ್ದೀರಿ!”

“ಏ ತಮ್ಮಾ, ನಾ ಹೆಣಾ ಬರಿಯಾಕಿ. ನಿನ್ನ ಹುಡುಗಿ ನನಗ್ಯಾಕ ಬೇಕೋ?”

ಬೀದಿಯೆಲ್ಲ ಅಂಗಳದಲ್ಲಿ ನೆರೆಯಿತು. ಕೊನೆಗೆ ಮಾಸ್ತರರ ಹೆಂಡತಿ ಸಬೀನಾ ಎರಡೂ ಪುಸ್ತಕ ತಂದು ಕಟ್ಟೆಯ ಮೇಲೆ ತೆರೆದಿಟ್ಟಳು. “ಎರಡೂ ಒಂದ ಪ್ರೆಸ್ಸಿಂದು ಅಲ್ರೀ?” ಎಂದಳು.

ಆಗ ಗುಟ್ಟು ಬೆಳಕಿಗೆ ಬಂತು. ಪ್ರೆಸ್ಸಿನಲ್ಲಿ ಹದಿನಾರು ಪುಟಕ್ಕೊಂದು ಫಾರಂ. ಫಾರಂಗಳನ್ನು ಮಡಿಚಿ, ಒಂದರ ಮೇಲೊಂದಿಟ್ಟು ಹೊಲಿಯುತ್ತಾರೆ. ಮಾಸ್ತರರಿಗೆಂದು ಅವಸರದಲ್ಲಿ ಹೊಲಿದ ಪ್ರತಿಗೆ ಜನ್ನತಬಿ ಭೀಮೇಶನ ಆರನೇ ಫಾರಂ ಸೇರಿಸಿದ್ದಳು. ಪುಟದ ಅಂಕಿ ಸರಿಯಾಗಿ ಕೂತಿತ್ತು. ಮಾಸ್ತರರು ಒಂದಕ್ಷರ ಬಿಡದೆ ಓದಿದ್ದರು, ಓದಿದ್ದಕ್ಕೇ ಕೆಟ್ಟಿದ್ದರು.

“ಮುಂದಿನ ಆಯ್ತವಾರ ಪೇಪರಿನ್ಯಾಗ ತಪ್ಪಾತು ಅಂತ ಬರೀತೇನ್ರಿ ಅಕ್ಕಾರ,” ಎಂದು ಕೈಮುಗಿದರು.

ಸಾವಿತ್ರೆವ್ವ ಎರಡನೇ ಕಪ್ ಚಹಾಕ್ಕೆ ಕರಗಿದಳು. “ಇರಲಿ ಬಿಡ್ರಿ. ನಮ್ಮನ್ಯಾಗ ಸೈತ ಯಾರೂ ಕೊನೀತನಾ ಓದಿಲ್ಲ, ನೀವು ಓದೀರಿ. ಸಂಜಿಗೆ ಬರ್ತೇನಿ. ಆದ್ರ ನಿಮ್ಮ ಪುಸ್ತಕಾ ಎಲ್ಲಾರ ಮುಂದ ತೆರದು ಓದ್ತೇನಿ ನಾ. ಅದೂ ಎಂಬತ್ತನೇ ಪುಟದಿಂದ.”

ಮಾಸ್ತರರ ಕಣ್ಣು ತುಂಬಿತು. ಎಂಬತ್ತನೇ ಪುಟವೇ ಅವರ ಕಾದಂಬರಿಯ ಜೀವ. ಅಲ್ಲಿ ಅಳದವನು ಮನುಷ್ಯನೇ ಅಲ್ಲ ಎಂದು ಅವರು ನಂಬಿದ್ದರು.

ಸಂಜೆ ಶಾಲೆಯ ಹಾಲ್ ತುಂಬಿತು. ಕಟ್ಟುಗಳು ಪ್ರೆಸ್ಸಿನಿಂದ ನೇರ ಬಂದಿದ್ದವು. ಬಿಡುಗಡೆಯ ಪ್ರತಿಗೆ ಬಣ್ಣದ ಕಾಗದ ಸುತ್ತಿ ರಿಬ್ಬನ್ ಕಟ್ಟಿತ್ತು. ಅದನ್ನು ಅತಿಥಿಗಿಂತ ಮೊದಲು ಬಿಚ್ಚುವ ರೂಢಿಯಿಲ್ಲ. ಸಾವಿತ್ರೆವ್ವ ಬಿಚ್ಚಿ, ಕನ್ನಡಕ ಏರಿಸಿ ಓದಿದಳು:

“‘ರೋಶನಬಿ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಉಸಿರು ನಿಲ್ಲುತ್ತ ಬಂದಿತ್ತು. ತಾಯಿಯ ಮುಖ ನೋಡುತ್ತ ಅವನು ಕೊನೆಯ ಮಾತು ಹೇಳಿದ...’”

ಹಾಲ್‌ನಲ್ಲೆಲ್ಲ ಮೂಗು ಎಳೆದುಕೊಳ್ಳುವ ಸದ್ದು. ಸಾವಿತ್ರೆವ್ವ ಎದುರಿನ ಪುಟಕ್ಕೆ ದಾಟಿದಳು.

“‘ಹುಳಿ ಮಾವಿನಕಾಯಿ ಎರಡು ಕಿಲೋ. ತೊಳೆದು ಒರೆಸಿಕೊಳ್ಳಿ.’”

 ಎದ್ದ ನಗು ಹಾಲ್‌ನ ಮಾಡಿನ ತಗಡು ಹಾರಿಸುವಂತಿತ್ತು. ಹಿಂದಿನ ಸಾಲಿನಿಂದ ಜನ್ನತಬಿ ಹೆಮ್ಮೆಯಿಂದ ಎದ್ದು ನಿಂತಳು.

“ಬಾಯಾರ ಪುಸ್ತಕದಾಗ ಬ್ಯಾರೆ ಫಾರಂ ಬಂದಿದ್ದು ನಿಮಗ ಭಾಳ ಸೇರಿತ್ತಲ್ರೀ. ನಿಮ್ಮದಕ್ಕೂ ಇರಲಿ ಅಂತ ಹಾಕೇನ್ರಿ. ಮಹಿಳಾ ಸಂಘದ ಉಪ್ಪಿನಕಾಯಿ ಪುಸ್ತಕದ ಆರನೇ ಫಾರಂ ಎರಡು ಸಲ ಅಚ್ಚಾಗಿ ಉಳಿದಿದ್ವು. ನಿಮ್ಮ ಮುನ್ನೂರು ಪ್ರತಿಗೂ ಬರೋಬ್ಬರಿ ಆದ್ವು.”

“ನನ್ನ ಹದಿನಾರು ಪುಟಾ ಎಲ್ಲೆ ಅದಾವು, ಚಾಚಿ?” ಮಾಸ್ತರರು ಕೇಳಿದರು.

“ತೆಗದೇನ್ರಿ. ಅದರಾಗ ಬರೇ ಅಳೂದಿತ್ತು.”

ಸಾವಿತ್ರೆವ್ವ ಪುಸ್ತಕ ಎದೆಗೊತ್ತಿಕೊಂಡಳು. “ಮುಂದಿನ ಆಯ್ತವಾರ ಇದರ ವಿಮರ್ಶೆ ನಾ ಬರೀತೇನಿ. ಸಾವಿನ ಬಾಗಲಾ ತೆರದ್ರ ಒಳಗ ಉಪ್ಪಿನಕಾಯಿ! ಎಂಥಾ ಧೈರ್ಯ, ಮಾಸ್ತರ್ರ!”

ಪುಸ್ತಕಗಳು ಒಂದೂ ಉಳಿಯಲಿಲ್ಲ. ಸಹಿಗೆ ಬಾಗಿಲತನಕ ಸಾಲು ನಿಂತಿತು, ಎಲ್ಲರಿಗಿಂತ ಮುಂದೆ ತಿರಕಪ್ಪ. ಮಾಸ್ತರರು ಮೊದಲ ಪುಟ ತೆರೆದು ಪೆನ್ನು ಇಟ್ಟರು.

“ಅಲ್ಲೆ ಬ್ಯಾಡ್ರಿ,” ಎಂದ ತಿರಕಪ್ಪ. “ಎಂಬತ್ತೊಂದರ ಮ್ಯಾಲೆ ಹಾಕ್ರಿ. ಆ ಹಾಳಿ ಹರದು ಅಡಗಿಮನಿ ಗ್ವಾಡಿಗೆ ಹಚ್ಚಬೇಕಂತ, ನಮ್ಮಾಕಿ ಹೇಳ್ಯಾಳ.”

ಅಝೀಮ ಮಾಸ್ತರರು ಸಾಲನ್ನೊಮ್ಮೆ ನೋಡಿ, ಎಂಬತ್ತೊಂದನೇ ಪುಟ ತೆರೆದು, ಉಪ್ಪಿನ ಅಳತೆಯ ಕೆಳಗೆ ಸಹಿ ಹಾಕಿದರು.